ವಾಟ್ಸನ್ ಕುಟುಂಬ ನಿಜವಾಗಿ ಇತ್ತಾ?

ಪ್ರಶ್ನೆ: ನಾವು ಮಿಶಿಗನ್‌ನಲ್ಲಿದ್ದೇವೆ. ಮಗಳಿಗೆ ಶಾಲೆಯಲ್ಲಿ ‘ದ ವಾಟ್ಸನ್ಸ್ ಗೋ ಟು ಬರ್ಮಿಂಗ್‌ಹ್ಯಾಮ್ – 1963’ ಅನ್ನುವ ಕಾದಂಬರಿ ಓದಲು ಕೊಟ್ಟಿದ್ದಾರೆ. ಮೊದಮೊದಲು ಬಿದ್ದು ಬಿದ್ದು ನಕ್ಕಳು. ಕೊನೆಗೆ ಅತ್ತಳು. ಈಗ ಒಂದೇ ಹಟ: “ಇದು ನಿಜವಾಗಿ ನಡೆದಿದ್ದಾ, ಸುಮ್ನೆ ಕಥೆಯಾ?” ಏನು ಹೇಳಲಿ?

ಉತ್ತರ: ಕುಟುಂಬ ಕಲ್ಪನೆ, ಕೊನೆಗೆ ಚರ್ಚಿನಲ್ಲಿ ಸಿಡಿಯುವ ಬಾಂಬ್ ನಿಜ. ಸದ್ಯಕ್ಕೆ ಮಗಳಿಗೆ ಇಷ್ಟು ಹೇಳಿ. ಈ ಪುಸ್ತಕ ಓದಿದ ಮಕ್ಕಳೆಲ್ಲ ಕೇಳುವ ಪ್ರಶ್ನೆ ಇದೇ, ಹೆಚ್ಚಿನವರಿಗೆ ಸಿಗುವ ಉತ್ತರವೂ ಇಷ್ಟೇ. ಆದರೆ ನಗಿಸುವ ಭಾಗವೆಲ್ಲ ಕಟ್ಟುಕಥೆ, ಅಳಿಸುವ ಭಾಗ ಮಾತ್ರ ಚರಿತ್ರೆ ಅಂತ ಅವಳು ತಿಳಿದುಕೊಳ್ಳಬಾರದು. ನನ್ನ ಪ್ರಕಾರ ಈ ಪುಸ್ತಕದಲ್ಲಿ ಚರಿತ್ರೆ ಜಾಸ್ತಿ ಇರುವುದು ತಮಾಷೆಯ ಅಧ್ಯಾಯಗಳಲ್ಲೇ.

ಓದದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. ಮುಂದೆ ಕೊನೆಯನ್ನೂ ಹೇಳಲೇಬೇಕು, ಬೇಡ ಅನ್ನುವವರು ಇಲ್ಲೇ ನಿಲ್ಲಿಸಬಹುದು. ಮಿಶಿಗನ್‌ನ ಫ್ಲಿಂಟ್ ಊರಿನ ಒಂದು ಕಪ್ಪು ಕುಟುಂಬ. ಕಥೆ ಹೇಳುವವನು ಹತ್ತು ವರ್ಷದ ಕೆನಿ. ಅವನ ಅಣ್ಣ ಬೈರನ್‌ಗೆ ಹದಿಮೂರು, ಮಹಾ ಪುಂಡ. ಪುಟ್ಟ ತಂಗಿ ಜೊಯೆಟಾ. ಬೈರನ್‌ನ ಪುಂಡಾಟ ತಡೆಯಲಾಗದೆ ಅಪ್ಪ ಅಮ್ಮ ಅವನನ್ನು ಅಲಬಾಮಾದಲ್ಲಿರುವ ಅಜ್ಜಿಯ ಮನೆಯಲ್ಲಿ ಬಿಡಲು ಕಾರಿನಲ್ಲಿ ಹೊರಡುತ್ತಾರೆ. ಅಜ್ಜಿಯ ಊರು ಬರ್ಮಿಂಗ್‌ಹ್ಯಾಮ್. ವರ್ಷ 1963.

ಬರೆದವರು ಕ್ರಿಸ್ಟೋಫರ್ ಪಾಲ್ ಕರ್ಟಿಸ್. ಹುಟ್ಟಿದ್ದು 1953ರಲ್ಲಿ, ಇದೇ ಫ್ಲಿಂಟ್‌ನಲ್ಲಿ. ಅಂದರೆ 1963ರಲ್ಲಿ ಅವರಿಗೂ ಕೆನಿಯಷ್ಟೇ ವಯಸ್ಸು. ಹೈಸ್ಕೂಲು ಮುಗಿಸಿ ಕಾರಿನ ಕಾರ್ಖಾನೆ ಸೇರಿದರು. ಸಾಲಾಗಿ ಬರುವ ಕಾರುಗಳಿಗೆ ಬಾಗಿಲು ತಗುಲಿಸುವ ಕೆಲಸ, 13 ವರ್ಷ. ಜೊತೆಗಾರನೂ ಇವರೂ ಸರದಿ ಹಂಚಿಕೊಂಡು, ಬಿಡುವು ಸಿಕ್ಕ ಅರ್ಧ ಗಂಟೆಯಲ್ಲಿ ಬರೆಯುತ್ತಿದ್ದರಂತೆ. ಆಮೇಲೆ ಗಡಿಯಾಚೆ ಕೆನಡಾದ ವಿಂಡ್ಸರ್‌ನ ಲೈಬ್ರರಿಯಲ್ಲಿ ಕೂತು ಈ ಕಾದಂಬರಿಯನ್ನು ಕೈಯಲ್ಲೇ ಬರೆದರು. 1995ರಲ್ಲಿ ಅದು ಅಚ್ಚಾಯಿತು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಗೌರವ ಪಡೆಯಿತು. ಅದು ಅವರ ಮೊದಲ ಪುಸ್ತಕ.

ಈಗ ತಮಾಷೆಯ ಭಾಗಕ್ಕೆ ಬರೋಣ. ಮೊದಲ ಅಧ್ಯಾಯದಲ್ಲಿ ಮೈ ಕೊರೆಯುವ ಚಳಿ. ಬೈರನ್ ಕಾರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ ಮರುಳಾಗಿ ಮುತ್ತು ಕೊಡುತ್ತಾನೆ. ತುಟಿ ಹೆಪ್ಪುಗಟ್ಟಿ ಕನ್ನಡಿಗೇ ಅಂಟಿಕೊಳ್ಳುತ್ತದೆ. ಮಕ್ಕಳು ನಗುವುದೇ ಇಲ್ಲಿ. ಇಷ್ಟು ಚಳಿಯ ಊರಿಗೆ ಅಲಬಾಮಾದ ಬಿಸಿಲಿನಲ್ಲಿ ಬೆಳೆದ ಅಮ್ಮ ಯಾಕೆ ಬಂದಳು ಅಂತ ಕೇಳಿ ನೋಡಿ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಹೋದರು. ಒಂದು ಕಡೆ ಕಾರ್ಖಾನೆಯ ಸಂಬಳದ ಆಸೆ. ಇನ್ನೊಂದು ಕಡೆ, ದಕ್ಷಿಣದಲ್ಲಿ ಶಾಲೆ, ಬಸ್ಸಿನ ಸೀಟು, ನೀರಿನ ನಲ್ಲಿ, ಶೌಚಾಲಯ ಎಲ್ಲವೂ ಬಿಳಿಯರಿಗೆ, ಕಪ್ಪು ಜನರಿಗೆ ಬೇರೆ ಬೇರೆ. ಮತ ಹಾಕಲು ಬಿಡುತ್ತಿರಲಿಲ್ಲ. ಎದುರು ಮಾತಾಡಿದರೆ ಜೀವಕ್ಕೇ ಸಂಚಕಾರ. ಜನರಲ್ ಮೋಟಾರ್ಸ್ ಹುಟ್ಟಿದ ಊರಾದ ಫ್ಲಿಂಟ್ ಅಂಥವರನ್ನು ಸೆಳೆಯಿತು. ಚಳಿಯನ್ನು ಶಪಿಸುವ ಆ ಅಮ್ಮ ಈ 60 ಲಕ್ಷ ಜನರಲ್ಲಿ ಒಬ್ಬಳು.

ಬೈರನ್ ಮನೆಗೆ ಹೇಳದೆ ಕೂದಲು ನೆಟ್ಟಗೆ ಮಾಡಿಸಿಕೊಂಡು ಬರುತ್ತಾನೆ, ಅಪ್ಪ ತಲೆ ಬೋಳಿಸಿಬಿಡುತ್ತಾನೆ. ಅದೂ ಸುಮ್ನೆ ಹುಟ್ಟಿಸಿದ್ದಲ್ಲ. ಚರ್ಮ ಸುಡುವಷ್ಟು ಖಾರದ ರಾಸಾಯನಿಕ ಹಚ್ಚಿ ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸುವುದು ಆ ಕಾಲದ ಕಪ್ಪು ಹುಡುಗರ ಫ್ಯಾಷನ್ ಆಗಿತ್ತು. ಬೇಡ ಅನ್ನುವ ಹಿರಿಯರು ಮನೆಮನೆಯಲ್ಲಿದ್ದರು. ಅಂಗಡಿಯಲ್ಲಿ ಉದ್ರಿ ಬರೆಸುವ ಪ್ರಸಂಗವೂ ಅಷ್ಟೇ ನೈಜ. ಉದ್ರಿ ಅಂದರೆ ಸರ್ಕಾರದ ಧರ್ಮದ ಅನ್ನ ತಿಂದ ಹಾಗೆ ಅಂತ ಮೊದಲು ಬೈರನ್‌ಗೆ ಅವಮಾನ. ಆಮೇಲೆ ಅಪ್ಪನ ಲೆಕ್ಕದಲ್ಲಿ ತಾನೇ ಬಿಸ್ಕತ್ತು ಬರೆಸಿಕೊಳ್ಳುತ್ತಾನೆ!

ನನಗೆ ತುಂಬಾ ಮುಖ್ಯ ಅನ್ನಿಸುವುದು ಅಮ್ಮನ ನೋಟ್‌ಬುಕ್. ಮೊದಲ ದಿನ ಎಲ್ಲಿಯವರೆಗೆ, ರಾತ್ರಿ ಎಲ್ಲಿ ತಂಗುವುದು, ಎಲ್ಲಿ ಊಟ, ಖರ್ಚೆಷ್ಟು, ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿರುತ್ತಾಳೆ. ಅದರ ಮೇಲೆ ಬರೆದ ಹೆಸರೇ ಕಾದಂಬರಿಯ ಹೆಸರು. ಓದುವಾಗ ಇದು ಅತಿಶಿಸ್ತಿನ ಅಮ್ಮನ ಮೇಲಿನ ತಮಾಷೆ ಅನ್ನಿಸುತ್ತದೆ. ಅಪ್ಪ ಆ ನೋಟ್‌ಬುಕ್ ಬದಿಗಿಟ್ಟು, ಹೊಸದಾಗಿ ಹಾಕಿಸಿದ ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಡು ಕೇಳುತ್ತಾ, ತನ್ನ 1948ರ ಪ್ಲಿಮತ್ ಕಾರನ್ನು ರಾತ್ರಿಯೂ ಓಡಿಸುತ್ತಾನೆ. ಸಾಹಸ, ಮಜಾ! ಫ್ಲಿಂಟ್‌ನಿಂದ ಬರ್ಮಿಂಗ್‌ಹ್ಯಾಮ್ 1,200 ಕಿಲೋಮೀಟರ್‌ಗೂ ಜಾಸ್ತಿ ದೂರ.

ಆದರೆ 1963ರಲ್ಲಿ ಕಪ್ಪು ಕುಟುಂಬವೊಂದು ದಕ್ಷಿಣಕ್ಕೆ ಹೊರಟರೆ ಇಂಥ ಪಟ್ಟಿ ಇರಲೇಬೇಕಿತ್ತು. ದಾರಿಯ ಎಷ್ಟೋ ಹೋಟೆಲುಗಳಲ್ಲಿ ಅವರಿಗೆ ಕೋಣೆ ಇಲ್ಲ, ಊಟ ಇಲ್ಲ. ಪೆಟ್ರೋಲ್ ಹಾಕಿಸಿಕೊಂಡ ಬಂಕಿನಲ್ಲೇ ಶೌಚಾಲಯದ ಬಾಗಿಲು ತೆರೆಯುತ್ತಿರಲಿಲ್ಲ. ಕತ್ತಲಾದ ಮೇಲೆ ಕಪ್ಪು ಜನ ಇರಲೇಬಾರದು ಅನ್ನುವ ಊರುಗಳೂ ಇದ್ದವು. ಹಾಗಾಗಿ ಊಟ, ನೀರು ಕಟ್ಟಿಕೊಂಡೇ ಹೊರಡುತ್ತಿದ್ದರು. ಎಲ್ಲಿ ನಿಂತರೆ ಮರ್ಯಾದೆ ಸಿಗುತ್ತದೆ ಅಂತ ಹೇಳಲು ಒಂದು ಕೈಪಿಡಿಯೇ ಇತ್ತು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ, ಅಂಚೆ ಹಂಚುವ ಕೆಲಸದ ವಿಕ್ಟರ್ ಹ್ಯೂಗೊ ಗ್ರೀನ್ ಅನ್ನುವವರು 1936ರಲ್ಲಿ ಶುರುಮಾಡಿದ ‘ಗ್ರೀನ್ ಬುಕ್’ ಅದು. ಹೋಟೆಲುಗಳಲ್ಲಿ ಬಣ್ಣ ನೋಡುವುದನ್ನು 1964ರ ನಾಗರಿಕ ಹಕ್ಕು ಕಾಯ್ದೆ ತಡೆಯಿತು. ಅದಾದ ಎರಡು ಮೂರು ವರ್ಷಕ್ಕೆ ಗ್ರೀನ್ ಬುಕ್ ಕೂಡ ನಿಂತುಹೋಯಿತು. ಇಷ್ಟು ಗೊತ್ತಾದ ಮೇಲೆ ಆ ಅಧ್ಯಾಯವನ್ನು ಮಗಳ ಜೊತೆ ಇನ್ನೊಮ್ಮೆ ಓದಿ. ಅಪ್ಪನ ಮಜಾ, ಅಮ್ಮನ ಸಿಟ್ಟು ಎರಡೂ ಬೇರೆ ಥರ ಕಾಣುತ್ತವೆ.

(ನಿಮ್ಮ ಮನೆಗೂ ಇದರ ಕೊಂಡಿ ಇದೆ. ಭಾರತದಂಥ ದೇಶಗಳಿಂದ ಬರುವವರಿಗೆ ಅಮೆರಿಕ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದು ಕಪ್ಪು ಜನರ ಸಮಾನ ಹಕ್ಕಿನ ಹೋರಾಟದ ಬಿಸಿಯಲ್ಲೇ. ಮಿಶಿಗನ್‌ನಲ್ಲಿ ಇಷ್ಟೊಂದು ಕನ್ನಡದ ಮನೆಗಳು ಇರುವುದರ ಹಿಂದೆ ಆ ಕಾಯ್ದೆಯೂ ಇದೆ.)

ಇನ್ನು ಬಾಂಬ್. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಮನೆ, ಚರ್ಚುಗಳ ಮೇಲೆ ಬಾಂಬ್ ಬೀಳುವುದು ಹೊಸದೇನಲ್ಲ. ಒಂದು ಬಡಾವಣೆಗೆ ‘ಡೈನಮೈಟ್ ಹಿಲ್’ ಅಂತಲೇ ಹೆಸರು ಬಿದ್ದಿತ್ತು. 1963ರ ಮೇ ತಿಂಗಳಲ್ಲಿ ಅಲ್ಲಿನ ಕಪ್ಪು ಶಾಲಾ ಮಕ್ಕಳು ಈ ಬಣ್ಣಭೇದದ ವಿರುದ್ಧ ಸಾವಿರಗಟ್ಟಲೆ ಬೀದಿಗಿಳಿದರು. ಅವರು ಹೊರಟದ್ದು 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ. ಪೊಲೀಸರ ಮೇಲಿನ ಅಧಿಕಾರಿ ಬುಲ್ ಕಾನರ್ ಮಕ್ಕಳ ಮೇಲೆ ನಾಯಿ ಬಿಡಿಸಿದ, ಬೆಂಕಿ ಆರಿಸುವ ಪೈಪುಗಳಿಂದ ನೀರು ಹೊಡೆಸಿದ. ಫೋಟೋಗಳನ್ನು ಇಡೀ ಜಗತ್ತು ನೋಡಿತು. ಊರು ಮಣಿಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಕೋರ್ಟಿನ ಆದೇಶದಂತೆ ಬಿಳಿಯರ ಶಾಲೆಗಳಿಗೆ ಕೆಲವು ಕಪ್ಪು ಮಕ್ಕಳು ಸೇರಿದರು.

ಅದಾಗಿ ಕೆಲವೇ ದಿನ. ಸೆಪ್ಟೆಂಬರ್ 15, ಭಾನುವಾರ ಬೆಳಗ್ಗೆ 10:22ಕ್ಕೆ ಅದೇ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಮೆಟ್ಟಿಲ ಕೆಳಗೆ ಅಡಗಿಸಿಟ್ಟವರು ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನವರು. ಅವತ್ತು ಚರ್ಚಿನಲ್ಲಿ ಮಕ್ಕಳ ವಿಶೇಷ ಪ್ರಾರ್ಥನೆ. ಅದಕ್ಕಾಗಿ ನೆಲಮಾಳಿಗೆಯ ಕೋಣೆಯಲ್ಲಿ ಸಿದ್ಧವಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಕ್ಯಾರೊಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಅದೇ ದಿನ ಊರಿನಲ್ಲಿ ಇಬ್ಬರು ಕಪ್ಪು ಹುಡುಗರನ್ನೂ ಗುಂಡಿಟ್ಟು ಕೊಂದರು, ಒಬ್ಬನನ್ನು ಪೊಲೀಸರೇ. ಆ ಇಬ್ಬರ ನೆನಪು ಯಾಕೋ ಕಡಿಮೆ ಜನಕ್ಕಿದೆ. ಜಾನಿ ರಾಬಿನ್ಸನ್‌ಗೆ 16, ವರ್ಜಿಲ್ ವೇರ್‌ಗೆ 13.

ಕಾದಂಬರಿಯಲ್ಲಿ ಜೊಯೆಟಾ ಅವತ್ತು ಚರ್ಚಿನ ಭಾನುವಾರದ ಪಾಠಕ್ಕೆ ಹೋಗಿರುತ್ತಾಳೆ. ಸದ್ದು ಕೇಳಿ ಕೆನಿ ಅಲ್ಲಿಗೆ ಹೋಗುತ್ತಾನೆ. ಕಲ್ಲುಮಣ್ಣಿನ ನಡುವೆ ಕೈಗೆ ಸಿಕ್ಕ ಒಂದು ಕಪ್ಪು ಶೂ ತಂಗಿಯದೇ ಅಂತ ನಂಬಿ ಮನೆಗೆ ಓಡುತ್ತಾನೆ. ಆಮೇಲೆ ಜೊಯೆಟಾ ಏನೂ ಆಗದೆ ಮನೆಗೆ ಬರುತ್ತಾಳೆ. ಸೆಖೆ ಅಂತ ಹೊರಗೆ ಬಂದಿದ್ದಳಂತೆ, ಬೀದಿಯಾಚೆ ಕೆನಿ ಕೈಬೀಸಿ ಕರೆದ ಹಾಗಾಯಿತಂತೆ, ಅವನ ಹಿಂದೆಯೇ ಹೋದಳಂತೆ. ಕೆನಿ ಅಲ್ಲಿರಲೇ ಇಲ್ಲ.

ಇದು ಪೂರ್ತಿ ಕಲ್ಪನೆ. ಕೆಲವು ದೊಡ್ಡವರಿಗೆ ಇದು ಹಿಡಿಸುವುದಿಲ್ಲ. ನಿಜವಾದ ಹುಡುಗಿಯರು ಉಳಿಯಲಿಲ್ಲ, ಕಥೆಯ ಹುಡುಗಿಯನ್ನು ಪವಾಡ ಮಾಡಿ ಉಳಿಸಿದರಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವಳು ಸತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬದುಕಿ ಬಂದದ್ದರಿಂದಲೇ ಕರ್ಟಿಸ್ ಮುಂದಿನ ಪ್ರಶ್ನೆಗೆ ಹೋಗುತ್ತಾರೆ: ಉಳಿದುಕೊಂಡವರು ಏನು ಮಾಡಬೇಕು? ಫ್ಲಿಂಟ್‌ಗೆ ಮರಳಿದ ಕೆನಿ ಸೋಫಾದ ಹಿಂದೆ ಅಡಗಿ ಕೂರುತ್ತಾನೆ. ತಂಗಿಯನ್ನು ಹುಡುಕದೆ ಓಡಿಬಂದೆ ಅನ್ನುವ ನಾಚಿಕೆ ಅವನಿಗೆ. ಅವನನ್ನು ಹೊರಗೆ ಕರೆತರುವವನು ಬೇರೆ ಯಾರೂ ಅಲ್ಲ, ಮನೆಗೇ ಬೇಡವಾಗಿದ್ದ ಆ ಪುಂಡ ಅಣ್ಣ. ಹಾಗೆ ಉಳಿದವರು ನಿಜದಲ್ಲೂ ಇದ್ದಾರೆ. ಆಡಿ ಮೇ ತಂಗಿ, 12 ವರ್ಷದ ಸಾರಾ ಕಾಲಿನ್ಸ್, ಅದೇ ಕೋಣೆಯಲ್ಲಿದ್ದಳು. ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ಅಲಬಾಮಾದ ಗವರ್ನರ್ ಆಕೆಯ ಕ್ಷಮೆ ಕೇಳಿದ್ದು 2020ರಲ್ಲಿ.

ಮೊದಲು ಈ ಕಥೆಯಲ್ಲಿ ಬರ್ಮಿಂಗ್‌ಹ್ಯಾಮ್ ಇರಲೇ ಇಲ್ಲ ಅನ್ನುವುದೂ ಮಗಳಿಗೆ ಇಷ್ಟವಾಗಬಹುದು. ಕರ್ಟಿಸ್ ವಾಟ್ಸನ್ ಕುಟುಂಬವನ್ನು ಫ್ಲೋರಿಡಾಕ್ಕೆ ಹೊರಡಿಸಿದ್ದರು. ಹೋಗಿ ಮುಟ್ಟಿದ ಮೇಲೆ ಏನಾಗಬೇಕು ಅಂತ ತೋಚಲಿಲ್ಲ. ಅಷ್ಟರಲ್ಲಿ ಅವರ ಮಗ ಈ ಬಾಂಬ್ ದಾಳಿಯ ಬಗ್ಗೆ ಡಡ್ಲಿ ರ್‍ಯಾಂಡಲ್ ಬರೆದ ಪದ್ಯವೊಂದನ್ನು ಶಾಲೆಯಿಂದ ತಂದ. ಕಾರು ಬರ್ಮಿಂಗ್‌ಹ್ಯಾಮ್ ಕಡೆ ತಿರುಗಿತು.

“ಬಾಂಬ್ ಇಟ್ಟವರು ಸಿಕ್ಕಿಬಿದ್ದರಾ?” ಅಂತ ಅವಳು ಖಂಡಿತ ಕೇಳುತ್ತಾಳೆ. ಸಿಕ್ಕರು, ಆದರೆ ಬೇಗ ಅಲ್ಲ. ಶಂಕಿತರಾದ ನಾಲ್ವರು ಯಾರು ಅಂತ ಎಫ್‌ಬಿಐಗೆ ಒಂದೆರಡು ವರ್ಷದಲ್ಲೇ ಗೊತ್ತಾಗಿತ್ತು. ಆದರೂ 1968ರಲ್ಲಿ ಯಾರ ಮೇಲೂ ಕೇಸು ಹಾಕದೆ ಕಡತ ಮುಚ್ಚಿದರು. ಮೊದಲನೆಯವನಿಗೆ ಶಿಕ್ಷೆಯಾದದ್ದು 1977ರಲ್ಲಿ. ಇನ್ನಿಬ್ಬರಿಗೆ 2001 ಮತ್ತು 2002ರಲ್ಲಿ, ಅಂದರೆ ಪುಸ್ತಕ ಬಂದ ಎಷ್ಟೋ ವರ್ಷದ ಮೇಲೆ. ನಾಲ್ಕನೆಯವನು ಕೋರ್ಟಿನ ಮೆಟ್ಟಿಲು ಹತ್ತದೆಯೇ 1994ರಲ್ಲಿ ಸತ್ತ. ಈ ವಿಳಂಬವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಸಿಟ್ಟು ಬರುತ್ತದೆ, ಬರಲಿ.

ಇನ್ನು ಚಿಕ್ಕ ಮಕ್ಕಳಿಗೆ ಕೊಡಬಹುದಾ ಅಂತ ಕೇಳುವವರಿಗೆ: ಹತ್ತು ವರ್ಷದ ಮೇಲಿನವರು ತಾವೇ ಓದಬಹುದು. ಕೊನೆಯ ಎರಡು ಮೂರು ಅಧ್ಯಾಯ ಓದುವಾಗ ದೊಡ್ಡವರು ಯಾರಾದರೂ ಮನೆಯಲ್ಲಿದ್ದರೆ ಒಳ್ಳೆಯದು. ನಡೆದ ಘಟನೆಯ ಬಗ್ಗೆ ಕರ್ಟಿಸ್ ಕಾದಂಬರಿಯ ಕೊನೆಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಕಥೆ ಮುಗಿಯಿತು ಅಂತ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಮಗಳು ಓದಿದ್ದಾಳಾ ಅಂತ ಕೇಳಿ.