ಪರದೆಯ ಹಿಂದಿನ ದನಿ: ಜಿನೋವಿ ಗೆರ್ಟ್ ಬಗ್ಗೆ ಕಂಠದಾನ ಕಲಿಯುವವರಿಗೆ ಒಂದು ಟಿಪ್ಪಣಿ

ಕಂಠದಾನ ಕಲಿಯಲು ಬರುವ ನಮ್ಮಲ್ಲಿ ಹೆಚ್ಚಿನವರದು ಒಂದೇ ಲೆಕ್ಕ. ದನಿ ಚೆನ್ನಾಗಿದ್ದರೆ ಸಾಕು, ಉಳಿದದ್ದು ಹೇಗೋ ಆಗುತ್ತದೆ ಅಂತ. ನನ್ನದೂ ಅದೇ ಲೆಕ್ಕವಾಗಿತ್ತು. ಸೋವಿಯತ್ ನಟ, ಕಂಠದಾನ ಕಲಾವಿದ ಜಿನೋವಿ ಗೆರ್ಟ್ ಅವರ ದನಿ ಕೇಳಿದ ಮೇಲೆ ಅದು ತಲೆಕೆಳಗಾಯಿತು. ಅವರದು ಗುಡುಗುವ ಗಂಟಲಲ್ಲ. ಸ್ವಲ್ಪ ಒಡಕು, ಸ್ವಲ್ಪ ಗೊಗ್ಗರು, ಒಳಗೆಲ್ಲೋ ಒಂದು ಕುಹಕದ ನಗು. ಆದರೂ ರಷ್ಯನ್ ಗೊತ್ತಿಲ್ಲದವರಿಗೂ ಈ ಮನುಷ್ಯ ಏನೋ ಮಹತ್ವದ್ದು ಹೇಳುತ್ತಿದ್ದಾನೆ ಅನ್ನಿಸುತ್ತದೆ. ಯಾಕೆ ಅಂತ ಹುಡುಕುತ್ತಾ ಬರೆದುಕೊಂಡದ್ದು ಇದು.

ಮೊದಲು ಹೆಸರು. ರಷ್ಯನ್‌ನಲ್ಲಿ ಬರೆಯುವಾಗ ಕೊನೆಯ 'ಟ್'ಗೆ ಮುಂಚೆ ಒಂದು 'ದ' ಬರುತ್ತದೆ, ಬಾಯಲ್ಲಿ ಅದು ನುಂಗಿಹೋಗಿ ಗೆರ್ಟ್ ಅಂತಲೇ ಕೇಳಿಸುತ್ತದೆ. ಇದು ರಂಗಕ್ಕಾಗಿ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಜಾಲ್ಮನ್ ಖ್ರಪಿನೋವಿಚ್. 1916ರ ಸೆಪ್ಟೆಂಬರ್ 21ರಂದು ರಷ್ಯಾದ ಸೆಬೆಜ್ ಅನ್ನುವ ಸಣ್ಣ ಊರಿನಲ್ಲಿ, ಯಹೂದಿ ಮನೆತನದಲ್ಲಿ ಹುಟ್ಟಿದರು. ಮಾಸ್ಕೋಗೆ ಬಂದು ಮೆಟ್ರೊ ಕಟ್ಟುವ ಕೆಲಸದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನಾಟಕದ ಹುಚ್ಚು ಹತ್ತಿದ್ದು ಕಾರ್ಮಿಕ ಯುವಕರ ರಂಗತಂಡದಲ್ಲಿ. ಆಮೇಲೆ ನಾಟಕಕಾರ ಅರ್ಬೂಜೊವ್ ಮತ್ತು ನಿರ್ದೇಶಕ ಪ್ಲುಚೆಕ್ ನಡೆಸುತ್ತಿದ್ದ ನಾಟಕ ಸ್ಟುಡಿಯೊಗೆ ಸೇರಿದರು. ಅಲ್ಲಿ ನಟರೆಲ್ಲ ಸೇರಿ ತಮ್ಮ ಪಾತ್ರಗಳನ್ನು ತಾವೇ ಕಟ್ಟಿ ಬರೆದ ನಾಟಕವೊಂದು 1941ರ ಫೆಬ್ರುವರಿಯಲ್ಲಿ ರಂಗಕ್ಕೆ ಬಂತು. ಮಾತು ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ಅವರು ಕಲಿತದ್ದು ಬಹುಶಃ ಅಲ್ಲೇ ಇರಬೇಕು. ಇದು ನನ್ನ ಊಹೆ ಅಷ್ಟೇ.

ನಾಲ್ಕು ತಿಂಗಳಲ್ಲಿ ಜರ್ಮನಿಯ ಜತೆ ಯುದ್ಧ ಬಂತು. ಗೆರ್ಟ್ ತಾವಾಗಿಯೇ ಸೈನ್ಯಕ್ಕೆ ಸೇರಿದರು. ಮೈನ್ ಹುದುಗಿಸುವ, ತೆಗೆಯುವ ಸ್ಯಾಪರ್ ದಳದಲ್ಲಿದ್ದರು. 1943ರ ಫೆಬ್ರುವರಿಯಲ್ಲಿ ಖಾರ್ಕೊವ್ ಹತ್ತಿರ ಟ್ಯಾಂಕ್ ಗುಂಡಿನ ಚೂರೊಂದು ಮೊಣಕಾಲಿಗೆ ಬಡಿಯಿತು. 11 ಶಸ್ತ್ರಚಿಕಿತ್ಸೆಗಳಾದವು. ಕಾಲು ಉಳಿಯಿತು, ಆದರೆ 8 ಸೆಂಟಿಮೀಟರ್ ಗಿಡ್ಡವಾಯಿತು. ಜೀವನಪೂರ್ತಿ ಕುಂಟುತ್ತಲೇ ನಡೆದರು.

ಇಪ್ಪತ್ತಾರು ವರ್ಷದ ನಟನಿಗೆ ಇದು ಎಂಥ ಪೆಟ್ಟು ಅಂತ ಯೋಚಿಸಿ ನೋಡಿ. ರಂಗದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಜನ ಪಾತ್ರವನ್ನು ಬಿಟ್ಟು ಕಾಲನ್ನೇ ನೋಡುತ್ತಾರೆ. ಆಸ್ಪತ್ರೆಯಲ್ಲಿದ್ದಾಗ ಗಾಯಾಳುಗಳಿಗಾಗಿ ಒಂದು ಗೊಂಬೆಯಾಟದ ತಂಡ ಬಂತು. ಗೆರ್ಟ್ ಗೊಂಬೆಗಳನ್ನು ನೋಡಿದ್ದಕ್ಕಿಂತ ಜಾಸ್ತಿ ಪರದೆಯನ್ನು ನೋಡಿದರು. ಆಡಿಸುವವರು ಯಾರೂ ಕಾಣುತ್ತಿರಲಿಲ್ಲ! ಯಾರ ಕಾಲು ಹೇಗಿದ್ದರೆ ಯಾರಿಗೇನು? 1945ರಲ್ಲಿ ಅವರು ಮಾಸ್ಕೋದ ಒಬ್ರಾಜ್ತ್ಸೊವ್ ಅವರ ಗೊಂಬೆ ರಂಗಮಂದಿರಕ್ಕೆ ಹೋಗಿ ಕವಿತೆಗಳನ್ನು ಓದಿದರು, ಕೆಲಸ ಸಿಕ್ಕಿತು. 1982ರವರೆಗೆ ಅಲ್ಲೇ ಇದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಗೊಂಬೆಯಾಟ ಅಂದರೆ ನಮಗೆ ನೆನಪಾಗುವುದು ಮೇಲಿಂದ ದಾರ ಎಳೆದು ಕುಣಿಸುವ ಸೂತ್ರದ ಗೊಂಬೆ, ಇಲ್ಲವೇ ದೀಪದ ಮುಂದಿನ ತೊಗಲುಗೊಂಬೆ. ಒಬ್ರಾಜ್ತ್ಸೊವ್ ಅವರ ಕೋಲುಗೊಂಬೆಗಳು ಬೇರೆ ರೀತಿ. ಆಡಿಸುವವರು ಆಳೆತ್ತರದ ಪರದೆಯ ಹಿಂದೆ ಕೆಳಗೆ ನಿಲ್ಲುತ್ತಾರೆ. ಗೊಂಬೆ ಅವರ ತಲೆಯ ಮೇಲಿರುತ್ತದೆ. ಒಂದು ಕೈಯಲ್ಲಿ ಮೈಯ ಕೋಲು, ಇನ್ನೊಂದರಲ್ಲಿ ಗೊಂಬೆಯ ಕೈಗಳಿಗೆ ಕಟ್ಟಿದ ಕಡ್ಡಿಗಳು. ಹಾಗೇ ಕೈ ಎತ್ತಿಕೊಂಡೇ ಮಾತಾಡಬೇಕು. ಸುಮ್ನೆ ಒಮ್ಮೆ ಮಾಡಿ ನೋಡಿ: ಎರಡೂ ಕೈ ತಲೆಯ ಮೇಲೆತ್ತಿ ಎರಡು ನಿಮಿಷ ಏನನ್ನಾದರೂ ಓದಿ. ಉಸಿರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ನಾನು ಒಂದೂವರೆ ನಿಮಿಷಕ್ಕೇ ಕೈ ಬಿಟ್ಟೆ.

ಅವರ ಬದುಕಿನ ದೊಡ್ಡ ಗೊಂಬೆಯ ಹೆಸರು ಎಡ್ವರ್ಡ್ ಅಪ್ಲೋಂಬೊವ್. 1946ರಲ್ಲಿ 'ಸಾಮಾನ್ಯ ಕಛೇರಿ' (ಸಂಗೀತ ಕಛೇರಿ) ಅನ್ನುವ ಅರ್ಥದ ಹೆಸರಿನಲ್ಲಿ ಒಂದು ವಿಡಂಬನೆ ಶುರುವಾಯಿತು. ಸವಕಲು ಹಾಡುಗಾರರು, ಠೀವಿಯ ವಾದ್ಯಗಾರರು, ಇವರನ್ನೆಲ್ಲ ಪರಿಚಯಿಸುವ ಒಬ್ಬ ನಿರೂಪಕ. ಆ ನಿರೂಪಕನೇ ಅಪ್ಲೋಂಬೊವ್. ಹೆಸರಲ್ಲೇ ಜಂಬ ಇದೆ. ಟೈ ಕಟ್ಟಿಕೊಂಡು, ತನ್ನ ಜೋಕಿಗೆ ತಾನೇ ಮೆಚ್ಚಿಕೊಂಡು, ತನಗೆ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವವನು. ಇಂಥವರು ನಮ್ಮ ಸಮಾರಂಭಗಳಲ್ಲೂ ಮೈಕ್ ಹಿಡಿದಿರುತ್ತಾರೆ, ಅಲ್ವಾ? ಅಧಿಕಾರಿಗಳಿಗೆ ಈ ತಮಾಷೆ ರುಚಿಸಲಿಲ್ಲ. ಆಟ ನಿಂತಿತು. ಮತ್ತೆ ಬಂದಾಗ ಹೆಸರು 'ಅಸಾಮಾನ್ಯ ಕಛೇರಿ' ಆಗಿತ್ತು. ನಮ್ಮಲ್ಲಿ ಮಾಮೂಲಾಗಿ ಹೀಗಿರುವುದಿಲ್ಲ ಅಂತ ತೋರಿಸಲು ಒಂದು ಅಕ್ಷರ ಸೇರಿಸಿದರೆ ಸಾಕಾಯಿತು!

ತಂಡ ದೇಶ ದೇಶ ಸುತ್ತಿತು. ಹೋದಲ್ಲೆಲ್ಲ ಗೆರ್ಟ್ ನಿರೂಪಕನ ಮಾತನ್ನು ಆ ದೇಶದ ಭಾಷೆಯಲ್ಲೇ ಕಲಿತು ಹೇಳುತ್ತಿದ್ದರು. 1960ರಲ್ಲಿ ಅರಬ್ ನಾಡುಗಳಿಗೆ ಹೊರಟಾಗ ಅರಬ್ಬೀ ಅನುವಾದಕಿಯಾಗಿ ಬಂದವರು ತತಿಯಾನಾ ಪ್ರಾವ್ದಿನಾ. ಮುಂದೆ ಇಬ್ಬರೂ ಮದುವೆಯಾದರು. ನಮಗೆ ಬೇಕಾದ ಪಾಠ ಬೇರೆ. ಗೊತ್ತಿಲ್ಲದ ಭಾಷೆಯಲ್ಲಿ ಜನರನ್ನು ನಗಿಸಬೇಕಾದರೆ ಬರೀ ಉಚ್ಚಾರ ಸಾಲದು. ಯಾವ ಪದಕ್ಕೆ ಕೇಳುವವನು ನಗುತ್ತಾನೆ, ಅದಕ್ಕೆ ಎಷ್ಟು ಮುಂಚೆ ತಡೆಯಬೇಕು ಅನ್ನುವುದು ತಿಳಿದಿರಬೇಕು.

ಈಗ ಕಂಠದಾನ. ರೀಲಿನ ಕಾಲದಲ್ಲಿ ಡಬ್ಬಿಂಗ್ ಹೇಗಿತ್ತು ಅಂತ ಗೊತ್ತಿದ್ದರೆ ಒಳ್ಳೆಯದು. ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿನ ಎರಡು ತುದಿಗಳನ್ನೂ ಅಂಟಿಸುತ್ತಿದ್ದರು. ರಷ್ಯನ್ನರು ಅದನ್ನು 'ಕಲ್ತ್ಸೊ' ಅನ್ನುತ್ತಾರೆ, ಅಂದರೆ ಉಂಗುರ. ಅದೇ ದೃಶ್ಯ ತೆರೆಯ ಮೇಲೆ ಮತ್ತೆ ಮತ್ತೆ ಸುತ್ತುತ್ತಿರುತ್ತದೆ, ನಟ ಅದನ್ನು ನೋಡುತ್ತಾ ಹೇಳಿ ಹೇಳಿ ಕೂಡಿಸಬೇಕು. ಅನುವಾದವನ್ನು ತುಟಿಗೆ ಹೊಂದಿಸಿ ಬರೆಯಲು ಬೇರೆಯೇ ಒಬ್ಬರು ಇರುತ್ತಿದ್ದರು. ತೆರೆಯ ಮೇಲೆ ಬಾಯಿ ಮುಚ್ಚಿದ ಕಡೆ ಪ, ಬ, ಮ ಬೀಳಬೇಕು. ಉಳಿದ ತಪ್ಪುಗಳನ್ನು ಕಣ್ಣು ಕ್ಷಮಿಸುತ್ತದೆ, ಇದನ್ನು ಕ್ಷಮಿಸುವುದಿಲ್ಲ.

ಫ್ರೆಂಚ್ ಚಿತ್ರ 'ಫಾನ್‌ಫಾನ್ ಲಾ ತುಲಿಪ್'ನ ರಷ್ಯನ್ ರೂಪದಲ್ಲಿ ಕತೆ ಹೇಳುವ ಹಿನ್ನೆಲೆ ದನಿ ಗೆರ್ಟ್ ಅವರದೇ. ಆದರೆ ನಾವು ಕೂತು ಕೇಳಬೇಕಾದ್ದು ಶೇಕ್ಸ್‌ಪಿಯರ್ ನಾಟಕವನ್ನು ಆಧರಿಸಿದ, ಕೋಜಿಂತ್ಸೆವ್ ನಿರ್ದೇಶನದ 1971ರ ಚಿತ್ರ 'ಕಿಂಗ್ ಲಿಯರ್'. ತೆರೆಯ ಮೇಲೆ ಲಿಯರ್ ಆಗಿರುವುದು ಎಸ್ಟೋನಿಯಾದ ನಟ ಯೂರಿ ಯಾರ್ವೆಟ್. ಪುಟ್ಟ ಮೈ, ಕೆದರಿದ ಬಿಳಿ ಕೂದಲು, ಸುಡುವ ಕಣ್ಣು. ದನಿ ಗೆರ್ಟ್ ಅವರದು. ಮಾತು ಕವಿ ಪಾಸ್ತರ್ನಾಕ್ ಅವರ ರಷ್ಯನ್ ಅನುವಾದದ್ದು. ನಾಟಕದ ಲಿಯರ್‌ಗೆ ಎಂಬತ್ತು ದಾಟಿದೆ. ಮೈ ಕೊಟ್ಟವರಿಗೂ ದನಿ ಕೊಟ್ಟವರಿಗೂ ಆಗ ಐವತ್ತರ ಆಸುಪಾಸು. ಆದರೂ ಗೆರ್ಟ್ ಮುದುಕನ ನಡುಗು ದನಿ ಮಾಡುವುದೇ ಇಲ್ಲ. ನಾವಾಗಿದ್ದರೆ ಮೊದಲು ಮಾಡುತ್ತಿದ್ದದ್ದು ಅದೇ! ಅವರು ಯಾರ್ವೆಟ್ ಅವರ ಉಸಿರನ್ನು ಹಿಡಿದುಕೊಂಡು ಹೋಗುತ್ತಾರೆ. ಆ ಸಣ್ಣ ಎದೆಯಲ್ಲಿ ಎಷ್ಟು ಗಾಳಿ ಹಿಡಿಸುತ್ತದೋ ಅಷ್ಟೇ ಮಾತು. ಹಾಗಾಗಿ ಅದು ಬೇರೆಯವರ ಗಂಟಲು ಅನ್ನಿಸುವುದಿಲ್ಲ.

ಇದರ ಪೂರ್ತಿ ಉಲ್ಟಾ 'ಕ್ಯಾಪ್ಟನ್ ವ್ರುಂಗೆಲ್' ಕಾರ್ಟೂನ್ ಸರಣಿ. ಕೀವ್‌ನಲ್ಲಿ ತಯಾರಾದದ್ದು, 13 ಕಂತು, 1976ರಿಂದ 1979. ಹಡಗಿನ ಹೆಸರು 'ಪಬೇದಾ', ಅಂದರೆ ಗೆಲುವು. ರಷ್ಯನ್ ಬರಹದ ಮೊದಲ ಎರಡು ಅಕ್ಷರ ಬಿದ್ದುಹೋಗಿ 'ಬೆದಾ' ಆಗುತ್ತದೆ, ಅಂದರೆ ಆಪತ್ತು. ಕ್ಯಾಪ್ಟನ್ನಿನ ಹೆಸರಲ್ಲೇ ಸುಳ್ಳುಗಾರ ಅನ್ನುವ ಪದ ಅಡಗಿದೆ. ಗೆರ್ಟ್ ಈ ಪಾತ್ರದಲ್ಲಿ ಎಲ್ಲೂ ನಗುವುದಿಲ್ಲ. ಎಂಥ ಬಂಡಲ್ ಬಿಡುವಾಗಲೂ ದನಿ ಶಾಂತ.

ಮುಖ ಜನಕ್ಕೆ ಪರಿಚಯವಾದದ್ದು ತಡವಾಗಿ. 1960ರ ದಶಕದಲ್ಲಿ ಟಿವಿಯಲ್ಲಿ 'ಕಿನೋಪನೋರಮಾ' ಅನ್ನುವ ಸಿನಿಮಾ ಕಾರ್ಯಕ್ರಮ ನಡೆಸಿಕೊಟ್ಟರು. 1968ರಲ್ಲಿ ಶ್ವೈತ್ಸರ್ ಅವರ 'ಚಿನ್ನದ ಕರು' ಚಿತ್ರದಲ್ಲಿ ಪನಿಕೋವ್ಸ್ಕಿ ಆದಾಗ ಅವರಿಗೆ ಐವತ್ತು ದಾಟಿತ್ತು. ಹೆಬ್ಬಾತು ಕದಿಯುವ ಆ ಪುಟ್ಟ ಕಳ್ಳನನ್ನು ನೋಡಿ ನಗು ಬರುತ್ತದೆ, ಹಿಂದೆಯೇ ಅಯ್ಯೋ ಅನ್ನಿಸುತ್ತದೆ. ಮರೆಸಬೇಕಾಗಿದ್ದ ಕುಂಟು ಇಲ್ಲಿ ಪಾತ್ರದ ನಡಿಗೆಯೇ ಆಗಿದೆ. 1979ರ ಪೊಲೀಸ್ ಕತೆಯ ಟಿವಿ ಸರಣಿಯಲ್ಲಿ ನೆರೆಮನೆಯ ಮುದುಕನಾಗಿ ಸ್ವಲ್ಪವೇ ಹೊತ್ತು ಬರುತ್ತಾರೆ. ಜನ ಅದನ್ನೂ ಮರೆತಿಲ್ಲ. 1990ರಲ್ಲಿ ಸೋವಿಯತ್ ಒಕ್ಕೂಟದ 'ಜನತಾ ಕಲಾವಿದ' ಬಿರುದು ಸಿಕ್ಕಿತು.

1996ರ ಸೆಪ್ಟೆಂಬರಿನಲ್ಲಿ ಎಂಬತ್ತರ ಹುಟ್ಟುಹಬ್ಬ. ಆಗಲೇ ಕಾಯಿಲೆ ತೀರಾ ಜಾಸ್ತಿಯಾಗಿತ್ತು. ಆದರೂ ರಂಗಕ್ಕೆ ಬಂದು ಗೆಳೆಯ ಸಮೋಯ್ಲೊವ್ ಅವರ ಕವಿತೆಯೊಂದನ್ನು ಓದಿದರು. ನವೆಂಬರ್ 18ರಂದು ಮಾಸ್ಕೋದಲ್ಲಿ ತೀರಿಕೊಂಡರು.

ಮುಂದಿನ ಸಲ ಕೂರುವ ಮುಂಚೆ ಒಂದು ಕೆಲಸ ಮಾಡಿಕೊಂಡು ಬನ್ನಿ. 'ಲಿಯರ್'ನ ಬಿರುಗಾಳಿ ದೃಶ್ಯವನ್ನು ಮೊದಲು ದನಿ ಮುಚ್ಚಿ ನೋಡಿ, ಯಾರ್ವೆಟ್ ಎಲ್ಲೆಲ್ಲಿ ಉಸಿರು ಎಳೆಯುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ, ಅದೇ ರೀತಿ ಗೆರ್ಟ್ ಅವರ ಉಸಿರನ್ನೂ ಗುರುತಿಸಿ. ಎರಡೂ ಹಾಳೆಗಳನ್ನು ತನ್ನಿ, ಪಕ್ಕಪಕ್ಕ ಇಟ್ಟು ನೋಡೋಣ.