ಉಸಿರು ಬಿಡಲು ಸಮಯ ಬೇಕು: ಸಿಒಪಿಡಿ, ಸ್ಲೀಪ್ ಅಪ್ನಿಯಾ ಮತ್ತು ಬಿಟ್ಟು ಬಿಟ್ಟು ಮಾಡುವ ವ್ಯಾಯಾಮ

ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರಿಗೆ ಗಾಳಿ ಒಳಗೆ ಸಾಲದೆ ಏದುಸಿರು ಬರುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ನಿಜವಾದ ತೊಡಕು ಉಸಿರನ್ನು ಹೊರಗೆ ಬಿಡುವುದರಲ್ಲಿದೆ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಪುಟಿತ ಕುಗ್ಗಿರುವುದರಿಂದ ಗಾಳಿ ನಿಧಾನವಾಗಿ ಹೊರಡುತ್ತದೆ. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 15 ಬಾರಿ ಉಸಿರಾಡುವಾಗ ಒಂದೊಂದಕ್ಕೂ 4 ಸೆಕೆಂಡು ಸಿಗುತ್ತದೆ, ನಡಿಗೆ ಚುರುಕಾಗಿ ಅದು 30 ಆದರೆ ಎರಡೇ ಸೆಕೆಂಡು. ಹಳೆಯ ಗಾಳಿ ಖಾಲಿಯಾಗುವ ಮೊದಲೇ ಹೊಸದು ಬರುತ್ತದೆ, ಎದೆ ಉಬ್ಬಿದಂತೆಯೇ ಉಳಿಯುತ್ತದೆ. ಪಠ್ಯಗಳು ಹೇಳುವ 'ಡೈನಾಮಿಕ್ ಹೈಪರ್‌ಇನ್‌ಫ್ಲೇಷನ್' ಇದೇ. ಅರ್ಥವಾಗದಿದ್ದರೆ, ಆರೋಗ್ಯವಾಗಿರುವವರು ಎದೆತುಂಬ ಉಸಿರೆಳೆದು, ಸ್ವಲ್ಪವೇ ಬಿಟ್ಟು, ಮತ್ತೆ ಎಳೆದು ನೋಡಿ. ಮೂರನೆಯ ಬಾರಿಗೆ ಜಾಗವೇ ಇರುವುದಿಲ್ಲ.

ಇಂಟರ್ವಲ್ ವ್ಯಾಯಾಮದ ಗುಟ್ಟು ಇಲ್ಲಿದೆ. 30 ಸೆಕೆಂಡು ಸೈಕಲ್ ಜೋರಾಗಿ ತುಳಿದು 30 ಸೆಕೆಂಡು ವಿರಮಿಸಿದರೆ, ಆ ಬಿಡುವಿನಲ್ಲಿ ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ತುಟಿ ಕಿರಿದು ಮಾಡಿ ನಿಧಾನವಾಗಿ ಊದಿದರೆ ಇನ್ನೂ ಅನುಕೂಲ. ಎದೆ ಸೋಲುವ ಮೊದಲೇ ಕಾಲಿನ ಸ್ನಾಯುಗಳಿಗೆ ಸಾಕಷ್ಟು ಭಾರ ಸಿಕ್ಕಿರುತ್ತದೆ. ಒಟ್ಟು ಶ್ರಮ ಸಮನಾಗಿದ್ದರೆ ಫಲವೂ ನಿರಂತರ ವ್ಯಾಯಾಮದಷ್ಟೇ. ಹಾಗಾಗಿ ಇದನ್ನು ಕೈಲಾಗದವರ ವ್ಯಾಯಾಮ ಎಂದು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಏದುಸಿರನ್ನು 0ಯಿಂದ 10ರವರೆಗೆ ಅಳೆಯುವ ಬೋರ್ಗ್ ಮಾಪಕದಲ್ಲಿ 4ರಿಂದ 6 ಸಾಮಾನ್ಯ ಗುರಿ. ವೈದ್ಯರ ತಪಾಸಣೆ ಮೊದಲು, ಸೈಕಲ್ ಆಮೇಲೆ.

ಸಿಒಪಿಡಿಯ ಜೊತೆಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಕೂಡ ಇದ್ದರೆ ಅದಕ್ಕೆ 'ಓವರ್‌ಲ್ಯಾಪ್ ಸಿಂಡ್ರೋಮ್' ಎಂದು ಹೆಸರು. 1985ರಲ್ಲಿ ಶ್ವಾಸಕೋಶ ತಜ್ಞ ಡೇವಿಡ್ ಫ್ಲೆನ್ಲಿ ಇಟ್ಟದ್ದು. ಇವರ ರಕ್ತದ ಆಮ್ಲಜನಕ ರಾತ್ರಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ವ್ಯಾಯಾಮ ಇಲ್ಲಿಯೂ ನೆರವಾಗುತ್ತದೆ, ತೂಕ ಇಳಿಯದಿದ್ದರೂ. ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಕುಳಿತೇ ದಿನ ಕಳೆದರೆ ಕಾಲಿನಲ್ಲಿ ನಿಂತ ದ್ರವ, ಮಲಗಿದಾಗ ಕುತ್ತಿಗೆಯತ್ತ ಸರಿದು ಗಂಟಲನ್ನು ಇಕ್ಕಟ್ಟಾಗಿಸುತ್ತದೆ, ಮೀನಖಂಡ ದುಡಿದರೆ ಆ ದ್ರವ ಹಗಲೇ ಮೇಲಕ್ಕೇರುತ್ತದೆ. ಹಾಗೆಂದು ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಬದಿಗಿಡುವಂತಿಲ್ಲ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಅಂಕಿ ಶೇಕಡಾ 88ಕ್ಕಿಂತ ಕೆಳಗಿಳಿದರೆ ವ್ಯಾಯಾಮ ನಿಲ್ಲಿಸುವುದು ರೂಢಿ. ಆದರೆ ಬೆರಳಿನ ಅಂಕಿ ರಕ್ತಕ್ಕಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ತುಳಿಯುವಾಗ 91 ತೋರಿಸಿ, ನಿಲ್ಲಿಸಿದ ಮೇಲೆ 87ಕ್ಕೆ ಜಾರಬಹುದು. ಬಿಡುವು ಬಂತೆಂದು ಬೆರಳನ್ನು ಹೊರಗೆಳೆದರೆ ನೋಡಬೇಕಾಗಿದ್ದ ಅಂಕಿಯೇ ತಪ್ಪಿಹೋಗುತ್ತದೆ.