ಎತ್ತರದಲ್ಲಿ ಜೀನಿನ ಪಾಲು 80% ಆದರೆ ಊಟದ ಪಾಲು ಬರೀ 20% ಅಲ್ಲವೇ?

ಪ್ರಶ್ನೆ: ನನ್ನ ಎತ್ತರ 168 ಸೆಂ.ಮೀ., ಹೆಂಡತಿಯದು 152. ಎಂಟು ವರ್ಷದ ಮಗ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಎತ್ತರಕ್ಕೆ 80% ಜೀನೇ ಕಾರಣ ಎಂದು ಓದಿದೆ. ಹಾಗಾದರೆ ಹಾಲು, ಮೊಟ್ಟೆ, ಬೇಳೆ ಎಷ್ಟು ಕೊಟ್ಟರೂ ಉಳಿದ 20%ರಲ್ಲಷ್ಟೇ ಬದಲಾವಣೆಯೇ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಎತ್ತರದ ಜಾಗದಲ್ಲಿ ಒಮ್ಮೆ ಬುದ್ಧಿ ಇರುತ್ತದೆ, ಇನ್ನೊಮ್ಮೆ ಸಕ್ಕರೆ ಕಾಯಿಲೆ. ತಪ್ಪು ಮಾತ್ರ ಅದೇ. 80 ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ನಿಮ್ಮ ಮಗನ ಬಗ್ಗೆ ಹೇಳಿದ್ದೇ ಅಲ್ಲ.

ಮೂವತ್ತು-ನಲವತ್ತರ ಸೈಟು ತಗೊಳ್ಳಿ. 1200 ಚದರಡಿ. ಇದರಲ್ಲಿ ಅಗಲದ ಪಾಲೆಷ್ಟು, ಉದ್ದದ ಪಾಲೆಷ್ಟು? ಹೇಳಲಾಗದು. ಎರಡನ್ನೂ ಗುಣಿಸಿದ್ದೇವೆ, ಕೂಡಿಸಿಲ್ಲ. ಈಗ ಇಡೀ ಬಡಾವಣೆ ನೋಡಿ. ಎಲ್ಲ ಸೈಟುಗಳ ಉದ್ದ 40 ಅಡಿಯೇ, ಅಗಲ ಮಾತ್ರ 20, 30, 50 ಎಂದು ಬೇರೆ ಬೇರೆ. ಅಳತೆ 800, 1200, 2000 ಚದರಡಿ. ಸೈಟಿನಿಂದ ಸೈಟಿಗೆ ಇರುವ ವ್ಯತ್ಯಾಸವೆಲ್ಲ ಅಗಲದಿಂದ ಬಂದದ್ದು, ಅಂದರೆ 100%. ಹಾಗೆಂದು ಉದ್ದಕ್ಕೆ ಕೆಲಸವೇ ಇಲ್ಲವೇ? ಉದ್ದವನ್ನು 60 ಅಡಿ ಮಾಡಿ, ಪ್ರತಿ ಸೈಟೂ ಒಂದೂವರೆ ಪಟ್ಟು ಆಗುತ್ತದೆ. ಆಗಲೂ ವ್ಯತ್ಯಾಸದಲ್ಲಿ ಅಗಲದ ಪಾಲು 100% ಎಂದೇ ಲೆಕ್ಕ ಬರುತ್ತದೆ!

ಆನುವಂಶೀಯತೆ ಎಂಬ ಅಂಕಿ ಹೇಳುವುದು ಇದನ್ನೇ. ಒಂದು ಜನಸಮೂಹದಲ್ಲಿ, ಒಂದು ಕಾಲದಲ್ಲಿ, ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಅವರ ಜೀನ್‌ಗಳ ವ್ಯತ್ಯಾಸದಿಂದ ಬಂತು ಎಂಬುದಷ್ಟೇ. ಒಬ್ಬ ಮನುಷ್ಯನ 168 ಸೆಂ.ಮೀ.ನಲ್ಲಿ ಇಷ್ಟು ಜೀನಿನದು, ಇಷ್ಟು ಅನ್ನದ್ದು ಎಂದು ಕತ್ತರಿಸಿ ಕೊಡಲು ಅದಕ್ಕೆ ಬರುವುದಿಲ್ಲ. ಎತ್ತರಕ್ಕೆ 80% ಎಂಬ ಅಂಕಿ ಬಂದದ್ದು ಹೆಚ್ಚಾಗಿ ಹೊಟ್ಟೆ ತುಂಬಿದ ದೇಶಗಳ ಅವಳಿಗಳ ಅಧ್ಯಯನದಿಂದ. ಅಲ್ಲಿ ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ ಊಟ ಸಿಗುತ್ತದೆ, ಬಡಾವಣೆಯ ಉದ್ದ ಒಂದೇ ಇದ್ದ ಹಾಗೆ. ಕೆಲವರಿಗೆ ಮೃಷ್ಟಾನ್ನ, ಕೆಲವರಿಗೆ ಗಂಜಿ ಎಂಬ ಕಡೆ ಅಳೆದರೆ ಅಂಕಿ ಇಳಿಯುತ್ತದೆ. ಜೀನ್‌ಗಳು ಮಾತ್ರ ಅವೇ ಇರುತ್ತವೆ.

ಪರಿಸರವೇ ಸುಧಾರಿಸಿದರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಕೊರಿಯಾ ನೋಡಿ. 1996ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು 1896ರಲ್ಲಿ ಹುಟ್ಟಿದವರಿಗಿಂತ ಸರಾಸರಿ 20 ಸೆಂ.ಮೀ. ಎತ್ತರ. ನೂರು ವರ್ಷದಲ್ಲಿ ಒಂದು ಜನಾಂಗದ ಜೀನ್‌ಗಳು ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಊಟ, ನೀರು, ಸೋಂಕು ರೋಗಗಳ ಕಾಟ.

ತಿರುವುಮುರುವೂ ನಿಜ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ 1903ರಲ್ಲಿ ಪ್ರಕಟಿಸಿದ ಹುರುಳಿಕಾಯಿ ಬೀಜಗಳ ಪ್ರಯೋಗ ನನಗೆ ಬಹಳ ಇಷ್ಟ. ಒಂದೇ ಬೀಜದ ಸಂತತಿಯಿಂದ ದಪ್ಪ ಬೀಜ, ಸಣ್ಣ ಬೀಜ ಆರಿಸಿ ಬೇರೆ ಬೇರೆ ಬಿತ್ತಿದರು. ಎರಡರ ಫಸಲಿನಲ್ಲೂ ಬೀಜದ ಸರಾಸರಿ ತೂಕ ಒಂದೇ! ಆ ಸಂತತಿಯೊಳಗೆ ಜೀನ್ ಎಲ್ಲಕ್ಕೂ ಒಂದೇ ಆದ್ದರಿಂದ ವ್ಯತ್ಯಾಸವೆಲ್ಲ ಮಣ್ಣು, ನೀರು, ಬಿಸಿಲಿನದು. ಆನುವಂಶೀಯತೆ ಸೊನ್ನೆ. ಜೀನ್ ಇಲ್ಲದೆ ಬೀಜವೇ ಇಲ್ಲ, ಆದರೂ ಸೊನ್ನೆ. 1909ರಲ್ಲಿ ‘ಜೀನ್’ ಎಂಬ ಪದ ಕೊಟ್ಟವರೂ ಇವರೇ.

ಇನ್ನು ನಿಮ್ಮ ಮಗ. ತಂದೆ ತಾಯಿಯ ಎತ್ತರದ ಸರಾಸರಿಗೆ ಗಂಡುಮಗುವಾದರೆ 6.5 ಕೂಡಿಸಿ, ಹೆಣ್ಣಾದರೆ 6.5 ಕಳೆಯಿರಿ. ಮಗು ದೊಡ್ಡದಾದಾಗ ಇರಬಹುದಾದ ಎತ್ತರದ ಅಂದಾಜು ಅದು. ನಿಮ್ಮ ಮಗನಿಗೆ 166.5 ಸೆಂ.ಮೀ. ಎಂಟೊಂಬತ್ತು ಸೆಂ.ಮೀ. ಆಚೀಚೆ ಆದರೂ ಸಹಜ. ಆದರೆ ಇದಕ್ಕಿಂತ ಮುಖ್ಯ, ಅವನು ವರ್ಷಕ್ಕೆ ಎಷ್ಟು ಬೆಳೆಯುತ್ತಿದ್ದಾನೆ ಎಂಬುದು. ಅಳೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ಸ್ ಹಿಮ್ಮಡಿಯನ್ನು ಮುಂದಕ್ಕೆ ತಳ್ಳುತ್ತದೆ, ಅದಿಲ್ಲದ ಗೋಡೆ ಹುಡುಕಿ. ಬರಿಗಾಲು, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ, ನೋಟ ನೇರ, ಗಲ್ಲ ಎತ್ತಬಾರದು. ನೆತ್ತಿಯ ಮೇಲೆ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ, ಅದರ ತಳಕ್ಕೆ ಪೆನ್ಸಿಲ್ ಗೀಟು ಹಾಕಿ, ಸ್ಟೀಲ್ ಟೇಪಿನಲ್ಲಿ ನೆಲದಿಂದ ಅಳೆಯಿರಿ. ಸಂಜೆಗೆ ಸುಮಾರು ಒಂದು ಸೆಂ.ಮೀ. ಕಡಿಮೆಯಾಗುವುದರಿಂದ ಪ್ರತಿ ಸಲವೂ ಅದೇ ಹೊತ್ತಿಗೆ ಅಳೆಯಬೇಕು. ತಿಂಗಳಿಗೊಮ್ಮೆ ಅಳೆದು ಗಾಬರಿಯಾಗಬೇಡಿ, ಅರ್ಧ ಸೆಂ.ಮೀ. ತಪ್ಪಿದರೂ ಆ ತಿಂಗಳ ಬೆಳವಣಿಗೆ ಅದರಲ್ಲಿ ಮುಚ್ಚಿಹೋಗುತ್ತದೆ. ಆರು ತಿಂಗಳ ಅಂತರವಾದರೂ ಬೇಕು. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಿದ್ದರೆ ಸರಿ. ಐದಕ್ಕಿಂತ ಕಡಿಮೆಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕೊರತೆಯಂಥ, ಔಷಧಿಗೆ ಬಗ್ಗುವ ಕಾರಣ ಇರಬಹುದು.

ನೀವು ಕೇಳದಿದ್ದರೂ, ‘ಜೀನಿನಿಂದ ಬಂದದ್ದನ್ನು ಬದಲಿಸಲಾಗದು’ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದೆ ಇದ್ದೇ ಇರುತ್ತದೆ. ಅದು ತಪ್ಪೆಂದು ತೋರಿಸಲು ಫಿನೈಲ್‌ಕೀಟೊನೂರಿಯಾ ಎಂಬ ಕಾಯಿಲೆ ಒಂದೇ ಸಾಕು. ಪ್ರೋಟೀನಿನಲ್ಲಿರುವ ಫಿನೈಲ್ ಅಲನೀನ್ ಎಂಬ ಅಮೈನೊ ಆಮ್ಲವನ್ನು ಬೇರೆ ರೂಪಕ್ಕೆ ಬದಲಿಸುವ ಕಿಣ್ವದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಈ ಕಾಯಿಲೆ. ಆ ಆಮ್ಲ ರಕ್ತದಲ್ಲಿ ಏರಿ, ಬೆಳೆಯುವ ಮಿದುಳನ್ನು ಹಾಳುಮಾಡುತ್ತದೆ. ನಾರ್ವೆಯ ಫೋಲಿಂಗ್ ಇದನ್ನು ಗುರುತಿಸಿದ್ದು 1934ರಲ್ಲಿ. ಈಗ ಹಲವು ದೇಶಗಳಲ್ಲಿ ಮಗು ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಪತ್ತೆ ಹಚ್ಚುತ್ತಾರೆ. ಚಿಕಿತ್ಸೆ ಮುಖ್ಯವಾಗಿ ಊಟದಲ್ಲೇ ಇದೆ. ನೀವು ಹೆಸರಿಸಿದ ಹಾಲು, ಮೊಟ್ಟೆ, ಬೇಳೆಯೇ ಆ ಮಗುವಿಗೆ ವಿಷ. ಎದೆಹಾಲೂ ಅಳತೆಯಲ್ಲಿ, ಮುಂದೆ ಅನ್ನವೂ ತೂಕ ಮಾಡಿ, ಉಳಿದ ಪ್ರೋಟೀನಿಗೆ ಫಿನೈಲ್ ಅಲನೀನ್ ಇಲ್ಲದ ವಿಶೇಷ ಪುಡಿ. ಮೊದಲ ವಾರಗಳಲ್ಲೇ ಶುರುಮಾಡಿದರೆ ಮಗು ಎಲ್ಲರಂತೆ ಓದಿ ಬೆಳೆಯುತ್ತದೆ. ಜೀನ್ ಕೆಟ್ಟದ್ದಾಗಿಯೇ ಇರುತ್ತದೆ.

ಹೀಗೆ ಬೆಳೆದ ಹೆಣ್ಣುಮಗಳು ಮುಂದೆ ತಾಯಾಗುವಾಗ ಪಥ್ಯ ಬಿಟ್ಟಿದ್ದರೆ, ಗರ್ಭದ ಮಗುವಿಗೆ ಈ ಕಾಯಿಲೆ ಬಾರದಿದ್ದರೂ ಅದರ ಮಿದುಳು, ಹೃದಯ ಕೆಡಬಹುದು. ತಾಯಿಯ ರಕ್ತದಲ್ಲಿ ಏರಿದ ಫಿನೈಲ್ ಅಲನೀನ್ ನೇರ ಮಗುವಿಗೆ ಹೋಗುತ್ತದೆ. ತಾಯಿಯ ಮಟ್ಟಿಗೆ ಅದು ಜೀನ್, ಹೊಟ್ಟೆಯೊಳಗಿನ ಮಗುವಿಗೆ ಅದೇ ಪರಿಸರ. ಅದಕ್ಕೇ ಅವಳು ಬಸಿರಾಗುವ ಮೊದಲೇ ಪಥ್ಯಕ್ಕೆ ಮರಳಬೇಕು.